ಬಾಗಿಲಾಚೆಯ ಕನ್ನಡ

ಕನ್ನಡದಲ್ಲಿ ಬರೆಯಬಹುದೇ ಎಂದು ಕೇಳಿಕೊಂಡು ಬರುವ ಕಡತಗಳಿಗೆ ‘ಬರೆಯಬಹುದು’ ಎಂದು ಉತ್ತರ ಬರೆದು ಕಳಿಸುವುದು ನನ್ನ ಉದ್ಯೋಗ. ಇದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಧಾ ಮದುವೆಯಾದ ಹೊಸದರಲ್ಲೇ ಕೇಳಿದ್ದಾಳೆ. ಕೊಡುತ್ತಾರೆ. ಆಡಳಿತ ಭಾಷೆಯ ವಿಚಾರದಲ್ಲಿ ಇಲಾಖೆಗಳಿಗೆ ಕಾನೂನಿನ ತೊಡಕು ಕಂಡರೆ ಬಿಡಿಸಿಕೊಡಲೆಂದು ಒಂದು ಶಾಖೆ ಇದೆ, ಅದರಲ್ಲಿ ನಾನು ಕಾನೂನು ಅಧಿಕಾರಿ. ನೋಟಿಸು ಕನ್ನಡದಲ್ಲಿ ಕೊಟ್ಟರೆ ಕೋರ್ಟಿನಲ್ಲಿ ನಿಲ್ಲುತ್ತದೆಯೇ ಎಂದು ಒಂದು ಇಲಾಖೆ ಕೇಳುತ್ತದೆ. ವಿಚಾರಣೆಯನ್ನು ಕನ್ನಡದಲ್ಲಿ ನಡೆಸಿ, ಯಾರಾದರೂ ಆಕ್ಷೇಪಿಸಿದರೆ ನಮ್ಮ ಗತಿ ಏನು ಎಂದು ಇನ್ನೊಂದು ಕೇಳುತ್ತದೆ. ನಿಲ್ಲುತ್ತದೆ, ನಡೆಸಬಹುದು, ಗತಿ ಏನೂ ಕೆಡುವುದಿಲ್ಲ ಎಂದು ಕಲಂಗಳನ್ನು ಜೋಡಿಸಿ ಬರೆಯುತ್ತೇನೆ. ಒಟ್ಟಿನಲ್ಲಿ ಧೈರ್ಯ ಹೇಳುವ ಕೆಲಸ. ಕುರ್ಚಿಯಲ್ಲಿ ಕೂತು ಬೇರೆಯವರಿಗೆ ಧೈರ್ಯ ಹೇಳುವುದು ನನಗೆ ಚೆನ್ನಾಗಿ ಒಗ್ಗಿಹೋಗಿದೆ.

ಈ ಕೆಲಸದ ಮಹತ್ವವನ್ನು ಮನಸಾರೆ ನಂಬಿದವರು ನಮ್ಮ ಮಾವ, ಸುಧಾಳ ತಂದೆ ಮುನಿನಂಜಪ್ಪನವರು ಒಬ್ಬರೇ. ಯಲಹಂಕದ ಪಕ್ಕದ ಹಳೇ ಊರಿನವರು. ದ್ರಾಕ್ಷಿ ಬೆಳೆಯುತ್ತಿದ್ದ ಜಮೀನು ಲೇಔಟ್ ಆಯಿತು. ಮೂರಂತಸ್ತಿನ ಮನೆ ಕಟ್ಟಿ, ಮೇಲಿನದನ್ನೆಲ್ಲ ಬಾಡಿಗೆಗೆ ಬಿಟ್ಟು, ಕೆಳಗೆ ಮಗನ ಸಂಸಾರದ ಜೊತೆ ಆರಾಮವಾಗಿದ್ದಾರೆ. ನೆಂಟರು ಸಿಕ್ಕಿದರೆ “ನಮ್ ಅಳಿಯಂದ್ರು ಗೌರ್ಮೆಂಟ್‌ಗೇ ಕನ್ನಡ ಏಳ್ಕೊಡ್ತಾರೆ” ಎಂದು ನನ್ನನ್ನು ಪರಿಚಯಿಸುತ್ತಾರೆ. ಅದನ್ನು ತಿದ್ದುವ ಗೋಜಿಗೆ ನಾನು ಹೋಗಿರಲಿಲ್ಲ.

ಜಮೀನೆಲ್ಲ ಮಾರಿದರೂ ಒಂದು ಮೂಲೆಯನ್ನು ಮಾವ ಮಾರಿರಲಿಲ್ಲ. ಅಲ್ಲಿ ಅವರ ತಾಯಿಯ ಸಮಾಧಿ ಇದೆ. ಅಮಾವಾಸ್ಯೆಗೊಮ್ಮೆ ಹೋಗಿ ಕಸ ಗುಡಿಸಿ, ದೀಪ ಹಚ್ಚಿ, ಸ್ವಲ್ಪ ಹೊತ್ತು ಕೂತು ಬರುತ್ತಾರೆ. ಹೋಗುವುದಕ್ಕೆ ಇರುವುದು ಒಂದೇ ಓಣಿ. ಪಕ್ಕದ ನಿವೇಶನ ಕೊಂಡವರು ಈಚೆಗೆ ಆ ಓಣಿಯೂ ತಮ್ಮದೇ ಎಂದು ಗೇಟು ಹಾಕಿ ಬೀಗ ಜಡಿದರು. ಆಮೇಲೆ ಬಂದ ಅಮಾವಾಸ್ಯೆಗೆ ಮಾವ ಗೇಟಿನ ಹೊರಗೆ ನಿಂತು, ಸಿಮೆಂಟಿನ ಮೇಲೆ ಕರ್ಪೂರ ಹಚ್ಚಿ ವಾಪಸು ಬಂದರಂತೆ. ಅವತ್ತು ಊಟ ಮಾಡಲಿಲ್ಲ ಎಂದು ಸುಧಾ ಹೇಳಿದಾಗ ನನಗೂ ಸಂಕಟವಾಯಿತು. ಓಣಿ ತೆರೆಸಿಕೊಡಿ ಎಂದು ಮಾವ ನಗರದ ಕಂದಾಯ ಕಚೇರಿಗೆ ಅರ್ಜಿ ಹಾಕಿ, ವಿಚಾರಣೆಯ ದಿನ ಅಳಿಯಂದಿರು ಜೊತೆಗಿರಬೇಕು ಎಂದು ಹೇಳಿ ಕಳಿಸಿದರು.

ಬೆಳಿಗ್ಗೆ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಹೆಬ್ಬಾಳದಲ್ಲಿ ಎಂದಿನಂತೆ ಎಲ್ಲ ಗಾಡಿಗಳೂ ನಿಂತಿದ್ದವು. “ಅಲ್ಲಿ ಕನ್ನಡದಾಗೆ ಮಾತಾಡಿ ಅಂತ ಕೇಳ್ಬೋದಾ ಅಳಿಯಂದ್ರೆ?” ಎಂದರು ಮಾವ.

“ಧಾರಾಳವಾಗಿ ಕೇಳಬಹುದು ಮಾವ. ಕಾನೂನಲ್ಲೇ ಅವಕಾಶ ಇದೆ. ನಾನೇ ಬರೆದುಕೊಟ್ಟಿದ್ದೀನಿ,” ಎಂದೆ. ಸಿಗ್ನಲ್ಲು ಬಿಡುವಷ್ಟರಲ್ಲಿ ಇನ್ನೊಂದು ಮಾತೂ ಸೇರಿಸಿದೆ. “ಆದ್ರೆ ಕೇಳೋಕೆ ಹೋಗ್ಬೇಡಿ. ವಿಚಾರಣೆ ಮಾಡೋ ಸಾಹೇಬ್ರಿಗೆ ಬೇಜಾರಾದ್ರೆ ನಮ್ಮ ಕೆಲಸಾನೇ ಕೆಡುತ್ತೆ.”

ಕಚೇರಿಯ ಮೊಗಸಾಲೆಯಲ್ಲಿ ಕನ್ನಡಕ್ಕೇನೂ ಬರವಿರಲಿಲ್ಲ. ಸಾಹೇಬರು ಫೋನಿನಲ್ಲಿ ಯಾರಿಗೋ ಗ್ಯಾಸ್ ಸಿಲಿಂಡರ್ ಬಂದಿಲ್ಲವೆಂದು ಅಚ್ಚಗನ್ನಡದಲ್ಲಿ ಬೈಯುತ್ತಾ ಒಳಗೆ ಹೋದರು. ಎದುರು ಪಕ್ಷದ ವಕೀಲರು ದೊಡ್ಡಬಳ್ಳಾಪುರದ ಕಡೆಯವರು. ಮಾವನಿಗೆ ಅವರೇ ಟೀ ಕುಡಿಸಿದರು. ಅವರೆಕಾಯಿಗೆ ಮೊದಲಿನ ಸೊಗಡಿಲ್ಲ ಎಂಬ ಮಾತು ಬಂತು, ತಾಯಿಯ ಸಮಾಧಿಯ ಮಾತೂ ಬಂತು. “ನಮ್ಮ ತಾತಂದೂ ಹೊಲದಲ್ಲೇ ಇದೆ ಯಜಮಾನ್ರೆ, ವರ್ಷಕ್ಕೊಂದ್ಸಲ ಹೋಗ್ತೀವಿ,” ಎಂದರು ವಕೀಲರು. ಹೆಸರು ಕೂಗಿದ ಮೇಲೆ ಎಲ್ಲರೂ ಕನ್ನಡವನ್ನು ಚಪ್ಪಲಿಯ ಹಾಗೆ ಬಾಗಿಲ ಆಚೆ ಬಿಟ್ಟು ಒಳಗೆ ಹೋದೆವು.

ಅದೇ ವಕೀಲರು ಒಳಗೆ “ಸರ್, ದಿ ಅಪ್ಲಿಕೆಂಟ್ ಹ್ಯಾಸ್ ನೆವರ್ ಯೂಸ್ಡ್ ದಿಸ್ ಪ್ಯಾಸೇಜ್” ಎಂದು ಶುರು ಮಾಡಿದರು. ನಮ್ಮ ವಕೀಲರು ಇಂಗ್ಲಿಷಿನಲ್ಲೇ ಅಲ್ಲಗಳೆದರು. ಸಾಹೇಬರು ಇಂಗ್ಲಿಷಿನಲ್ಲೇ ತಲೆದೂಗಿದರು ಅಂದರೂ ಸರಿಯೇ. ಮಾತಾಡಿದವರ ಬಾಯಿಯ ಕಡೆಗೆಲ್ಲ ಮಾವ ತಿರುಗಿ ತಿರುಗಿ ನೋಡುತ್ತಿದ್ದರು. ನನ್ನ ತೋಳು ಜಗ್ಗಿ “ಏನಂತೆ?” ಎಂದರು. ಸುಮ್ಮನಿರಿ ಎಂದು ಕೈ ಸನ್ನೆ ಮಾಡಿದೆ. ಮಾವ ಎದ್ದು ನಿಂತರು.

“ಸ್ವಾಮಿ, ಇವ್ರು ಆಚೆ ನನ್ ಜೊತೆ ಚೆನ್ನಾಗೇ ಮಾತಾಡ್ತಿದ್ರು. ಒಳಕ್ ಬಂದ್ಮ್ಯಾಕೆ ಏನಾಯ್ತೋ ಕಾಣೆ. ನನ್ ಬಗ್ಗೆ ಏನ್ ಏಳ್ತಾವ್ರೆ ಅಂತ ನಂಗೂ ಗೊತ್ತಾಗ್ಬೇಕಲ್ವಾ? ಕನ್ನಡದಾಗೆ ಏಳ್ಸಿ. ಕಾನೂನಲ್ಲಿ ಐತಂತೆ, ನಮ್ ಅಳಿಯಂದ್ರೇ ಬರ್ದವ್ರೆ.”

ಎಲ್ಲರೂ ನನ್ನ ಕಡೆ ನೋಡಿದರು. ನಾನು ಫ್ಯಾನಿನ ಕಡೆ ನೋಡಿದೆ. ಸಾಹೇಬರಿಗೆ ಬೇಜಾರೇನೂ ಆದ ಹಾಗೆ ಕಾಣಲಿಲ್ಲ. “ಅದಕ್ಕೇನಂತೆ, ಕನ್ನಡದಲ್ಲೇ ಹೇಳಿ ವಕೀಲ್ರೆ. ಯಜಮಾನ್ರಿಗೇ ಹೇಳ್ಬಿಡಿ,” ಎಂದರು.

ಎದುರು ಪಕ್ಷದ ವಕೀಲರು ಮಾವನ ಕಡೆ ತಿರುಗಿದರು. “ಅದೇ ಯಜಮಾನ್ರೆ, ನೀವು... ಈ ಓಣೀಲಿ...” ಎಂದು ನಿಂತುಬಿಟ್ಟರು. ಹೇಳಬೇಕಾಗಿದ್ದು ‘ನೀವು ಈ ಓಣಿಯಲ್ಲಿ ಯಾವತ್ತೂ ಓಡಾಡಿಲ್ಲ’ ಎಂದಷ್ಟೇ. ಗೊತ್ತಿಲ್ಲದ ಮಾತು ಅದರಲ್ಲಿ ಒಂದೂ ಇಲ್ಲ. ಆದರೆ ಈಗಷ್ಟೇ ಜೊತೆಗೆ ಟೀ ಕುಡಿದ ಹಿರಿಯರ ಮುಖಕ್ಕೆ ಅದನ್ನು ಹೇಳಬೇಕಾಗಿತ್ತು. ಅವರು ಕಾಗದ ತಿರುವಿದರು, ಕನ್ನಡಕ ಒರೆಸಿಕೊಂಡರು. ಕೊನೆಗೆ ಸಾಹೇಬರ ಕಡೆ ತಿರುಗಿ, “ಓಡಾಡ್ತಿದ್ರು ಸರ್. ಆದ್ರೆ ದಿನಾ ಅಲ್ಲ, ಅಮಾವಾಸ್ಯೆಗೆ ಅಷ್ಟೆ,” ಎಂದರು.

“ನಾನ್ ಕೇಳ್ತಿರೋದೂ ಅಷ್ಟೇ ಸ್ವಾಮಿ,” ಎಂದರು ಮಾವ.

ಸಾಹೇಬರು ಆ ಮಾತನ್ನು ಬರೆದುಕೊಂಡು, ಕೊನೆಯ ಆದೇಶ ಆಗುವವರೆಗೆ ಗೇಟಿನ ಬೀಗ ತೆಗೆಯಬೇಕೆಂದು ಹೇಳಿದರು. ಕನ್ನಡ ಬಳಸಿದರೆ ಕೇಳುವವರಿಗೆ ಅರ್ಥವಾಗುತ್ತದೆ ಎಂದು ನಾನು ಎಷ್ಟೋ ಕಡತಗಳಲ್ಲಿ ಬರೆದಿದ್ದೇನೆ. ಹೇಳುವವರಿಗೂ ತಾವು ಹೇಳುತ್ತಿರುವುದು ಏನೆಂದು ಅರ್ಥವಾಗಿಬಿಡುತ್ತದೆ ಎಂಬುದು ನನಗೆ ಅವತ್ತಿನವರೆಗೆ ಹೊಳೆದೇ ಇರಲಿಲ್ಲ. ಇಲಾಖೆಗಳು ಹಿಂಜರಿಯುವುದು ಕಾನೂನಿಗೆ ಹೆದರಿ ಅಲ್ಲವೇನೋ ಎಂಬ ಅನುಮಾನವೂ ಶುರುವಾಗಿದೆ.

ವಾಪಸು ಬರುವಾಗ ಹೆಬ್ಬಾಳದಲ್ಲಿ ಮತ್ತೆ ಕಾರು ನಿಂತಿತು. ಮಾವ ಖುಷಿಯಾಗಿದ್ದರು. ಆದರೂ ಕೇಳಿದರು: “ನೀವ್ ಯಾಕ್ ಅಲ್ಲಿ ಸುಮ್ಕೆ ಕೂತಿದ್ರಿ ಅಳಿಯಂದ್ರೆ?”

“ಆ್ಯಕ್ಚುಯಲಿ ಮಾವ, ಪ್ರೊಸೀಜರ್ ಪ್ರಕಾರ ಥರ್ಡ್ ಪಾರ್ಟಿ ಇಂಟರ್‌ಫಿಯರ್ ಆದ್ರೆ...”

“ಆಚೆ ಬಂದಾಯ್ತಲ್ಲ. ಇನ್ನ ಕನ್ನಡದಾಗೇ ಏಳಿ.”

ಇದಕ್ಕೆಲ್ಲ ಒಳ್ಳೊಳ್ಳೆಯ ಕನ್ನಡ ಮಾತುಗಳಿವೆ. ಇಲಾಖೆಗಳಿಗೆ ಒದಗಿಸಿದವನೇ ನಾನು. ಆದರೆ ಮಾವ ನನ್ನ ಮುಖವನ್ನೇ ನೋಡುತ್ತಿದ್ದರು. ಹಿಂದಿನ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ.

“ಹೆದರ್ಕೊಂಡೆ ಮಾವ,” ಎಂದೆ.

“ಊಂ, ಇವಾಗ ಗೊತ್ತಾಯ್ತು ಬುಡಿ,” ಎಂದು, ಮುಂದೆ ಎಲ್ಲಾದರೂ ಅಂಗಡಿ ಕಂಡರೆ ನಿಲ್ಲಿಸಿ, ಕರ್ಪೂರ ತಗೋಬೇಕು ಎಂದರು.

ಆ ಭಾನುವಾರ ಮನೆಗೆ ನೆಂಟರು ಬಂದಿದ್ದರು. ಮಾವ ಎಂದಿನಂತೆ “ನಮ್ ಅಳಿಯಂದ್ರು ಗೌರ್ಮೆಂಟ್‌ಗೇ ಕನ್ನಡ ಏಳ್ಕೊಡ್ತಾರೆ” ಎಂದು ಶುರು ಮಾಡಿದರು. ನನ್ನ ಕಡೆ ಒಮ್ಮೆ ನೋಡಿ, “ಅವ್ರೂ ಕಲೀತಾವ್ರೆ,” ಎಂದು ಸೇರಿಸಿದರು.