ಹಾಡು ತುಂಬುವ ಯಂತ್ರವೂ ನನ್ನ ಸಿಟ್ಟೂ

ಯಂತ್ರ ಎಷ್ಟೇ ಸರಳವಾಗಿರಲಿ, ಅದನ್ನು ತಪ್ಪಾಗಿ ಬಳಸೋಕೆ ಒಬ್ಬರು ಬೆಳಿಗ್ಗೆಯೇ ಸ್ನಾನ ಮಾಡಿ ಹೊರಟಿರುತ್ತಾರೆ. ನಾನು ವಿನ್ಯಾಸ ಮಾಡಿದ್ದು ಹಾಡಿನ ಯಂತ್ರ. ಎಟಿಎಂ ಥರ ನಿಂತಿರುತ್ತೆ. ಪೆನ್‌ಡ್ರೈವ್ ಸಿಕ್ಕಿಸಿ, ಹಾಡು ಆರಿಸಿ, ತುಂಬಿಸಿಕೊಂಡು ಹೋಗಬೇಕು. ನಮ್ಮ ಕಡೆ ಆಟೋ, ಟ್ರ್ಯಾಕ್ಟರುಗಳಲ್ಲಿ ಇವತ್ತಿಗೂ ಪೆನ್‌ಡ್ರೈವೇ ಹಾಡೋದು. ಯಾರ ಸಹಾಯವೂ ಬೇಡ ಅನ್ನೋದೇ ಅದರ ಹೆಚ್ಚುಗಾರಿಕೆ. ಹಾಗಂತ ನಾನು ನಂಬಿದ್ದೆ.

೧. ಅಪ್ಪಾಜಿ

ಪರದೆ ಮೇಲೆ ನಾನಿಟ್ಟಿದ್ದು ಮೂರೇ ದೊಡ್ಡ ಬಟನ್. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಸ್ಪೀಕರ್ ಅಂಗಡಿ ಇಟ್ಟಿರುವ ನಮ್ಮ ಮಾಲೀಕರು ಅದನ್ನು ನೋಡಿ, ಎಲ್ಲಾ ಸರಿ, ಅಪ್ಪಾಜಿ ಫೋಟೋ ಎಲ್ಲಿ ಅಂದರು. ತೀರಿಕೊಂಡ ನಿಮ್ಮ ತಂದೆಗೂ ಹಾಡಿಗೂ ಏನು ಸಂಬಂಧ ಅಂತ ಎರಡು ದಿನ ವಾದಿಸಿದೆ. ಸೋತೆ. ಅಪ್ಪಾಜಿ ಅರ್ಧ ಪರದೆ ಹಿಡಿದು ಕೂತರು, ನನ್ನ ಬಟನ್‌ಗಳು ಮೂಲೆ ಸೇರಿದವು.

ಅಂಗಡಿ ಮುಂದೆ ಪರೀಕ್ಷೆಗೆ ಇಟ್ಟ ದಿನ ಮೊದಲು ಬಂದ ಆಟೋದವರು ನೇರ ಅಪ್ಪಾಜಿಯ ಹಣೆ ಒತ್ತಿದರು. ಆಮೇಲೆ ಮೂಗು, ಆಮೇಲೆ ಮೀಸೆ. ಯಜಮಾನ್ರು ಏನೂ ಅಂತಿಲ್ಲರೀ ಅಂತ ನನ್ನ ಕಡೆ ತಿರುಗಿದರು. ಈಗಲಾದರೂ ಫೋಟೋ ತೆಗೆಸುತ್ತಾರೆ ಅಂತ ಮಾಲೀಕರ ಮುಖ ನೋಡಿದೆ.

"ತಪ್ಪು ನಿಮ್ಮದೇ ಮೇಡಂ," ಅಂದರು. "ಅಪ್ಪಾಜಿನ ಒತ್ತಿದ್ರೆ ಹಾಡು ಬರೋ ಹಂಗೆ ಮಾಡಬೇಕಿತ್ತು."

೨. ಹೋಳಿಗೆ

ಯಂತ್ರವನ್ನು ಹರಿಹರದ ಬಸ್ ನಿಲ್ದಾಣದ ಹತ್ತಿರ ಇಟ್ಟರು. ಮೊದಲ ದಿನ ನೋಡಿಕೊಳ್ಳೋಕೆ ನಾನೂ ಹೋಗಿದ್ದೆ. ಕೊಂಡಜ್ಜಿಯ ರೈತರೊಬ್ಬರು ಟ್ರ್ಯಾಕ್ಟರಿಗೆ ಹಾಡು ತುಂಬಿಸಲು ಬಂದರು. ಸಿನಿಮಾ ಹೆಸರು ಗೊತ್ತಿಲ್ಲ, ಹಾಡಿದವರು ಗೊತ್ತಿಲ್ಲ, ಮೊದಲ ಸಾಲೂ ಗೊತ್ತಿಲ್ಲ. ಗೊತ್ತಿದ್ದದ್ದು ಒಂದೇ: ಬಾಮೈದನ ಮದುವೆಯಲ್ಲಿ ಹೋಳಿಗೆ ಬಡಿಸುವಾಗ ಹಾಕಿದ್ದರಂತೆ.

ಸಾವಿರಾರು ಹಾಡನ್ನು ಹುಡುಕಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವಳು ನಾನು. ಊಟದ ಎಲೆ ನೋಡಿ ಹಾಡು ಹುಡುಕೋಕೆ ಆಗಲ್ಲ ಅಂತ ರೇಗಿದೆ. ಅವರಿಗೆ ಒಂಚೂರೂ ಬೇಜಾರಾಗಲಿಲ್ಲ.

"ಹೋಳಿಗೆ ಅಂತ್ಲೇ ಬರೀರಿ. ಬಂದ್ರೆ ಬರ್ಲಿ."

ಬರಲ್ಲ ಅಂತ ತೋರಿಸೋದಕ್ಕೇ, ಸಿಟ್ಟಿನಿಂದ ಹಾಗೇ ಬರೆದೆ. ಸಾಲಿನಲ್ಲಿ ಹೋಳಿಗೆ ಇರುವ ನಾಲ್ಕು ಹಾಡು ಬಂದವು. ಮೂರನೆಯದೇ ಅವರದ್ದು.

೩. ಒಳಗಿನಾಕಿ

ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ, ಯಂತ್ರವೇ ಮಾತಾಡಿ ದಾರಿ ಹೇಳಲಿ ಅಂದರು ಮಾಲೀಕರು. ಬೇರೆ ದನಿ ಯಾಕೆ, ನಿಮ್ಮದೇ ಸಾಕು ಅಂದರು. ನನ್ನ ದನಿ ತುಂಬಿಸಿದ್ದಾಯಿತು. ಆದರೂ ಜನ ಯಾರನ್ನಾದರೂ ಕೇಳುವುದು ನಿಲ್ಲಲಿಲ್ಲ. ಎಂಟು ದಿನ ನೀವೇ ಪಕ್ಕದಲ್ಲಿ ಕೂಡ್ರಿ, ಆಗಲೂ ನಡೀಲಿಲ್ಲ ಅಂದ್ರೆ ಇದನ್ನು ಗುಜರಿಗೆ ಹಾಕೋದೇ ಅಂದುಬಿಟ್ಟರು. ತಾನಾಗೇ ನಡೆಯುವ ಯಂತ್ರಕ್ಕೆ ಕಾವಲು! ಕೂತರೂ ಬಟನ್ ಮಾತ್ರ ಮುಟ್ಟಲ್ಲ, ಜನವೇ ಒತ್ತಲಿ ಅಂತ ಹಟ ಹಿಡಿದು ಸ್ಟೂಲ್ ಮೇಲೆ ಕೂತೆ.

ಮಗಳ ಮನೆಗೆ ಬಂದಿದ್ದ ಮಾಯಕೊಂಡದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಪೆನ್‌ಡ್ರೈವ್ ತೆಗೆದು, ಭಜನೆ ಹಾಕಿಕೊಡವ್ವ ಅಂತ ನನಗೆ ಚಾಚಿದರು.

ಪೆನ್‌ಡ್ರೈವ್ ಸಿಕ್ಕಿಸಿರಿ ಅಂತು ಯಂತ್ರ. ನೀವೇ ಸಿಕ್ಕಿಸಬೇಕು ಅಜ್ಜಿ ಅಂದೆ ನಾನು. ಹೇಗೋ ಸಿಕ್ಕಿಸಿದರು. ಹಾಡು ಆರಿಸಿರಿ ಅಂತು ಯಂತ್ರ. ಆರಿಸ್ರಿ ಅಜ್ಜಿ ಅಂದೆ ನಾನು. ಆರಿಸಿದರು. ಹಸಿರು ಬಟನ್ ಒತ್ತಿರಿ ಅಂತು. ಒತ್ರಿ ಅಂದೆ.

ಅಜ್ಜಿ ಕೈ ಹಿಂದಕ್ಕೆ ತೆಗೆದರು. ಯಂತ್ರಕ್ಕೆ ಕಿವಿ ಕೊಟ್ಟು ಕೇಳಿದರು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಅಕ್ಕ-ತಂಗಿ ಇದ್ದಂಗೆ ಐತೆ, ದನಿ ಒಂದೇ. ಒಳಗೊಬ್ಬಾಕಿ, ಹೊರಗೊಬ್ಬಾಕಿ, ಇಬ್ಬರಿಗೂ ಸಂಬಳ. ಕೆಲಸ ಮಾತ್ರ ನಾನು ಮಾಡ್ಬೇಕೇನು? ಏಳು."

ಎದ್ದೆ. ಅಜ್ಜಿ ಸ್ಟೂಲ್ ಮೇಲೆ ಕೂತು, ಯಂತ್ರವನ್ನು ಬೆರಳಿನಿಂದ ಟಕಟಕ ಬಡಿದರು.

"ಆಕಿಗೂ ಹೇಳು, ಹೊರಗ ಬಂದು ನಿನಗೆ ಸಹಾಯ ಮಾಡ್ಲಿ."