ಮಾವನ ಬಾಯ್ಲರೂ ಧಣಿಯ ಮೋಟಾರೂ

ನಗಬಾರದ ಕಡೆ ನಗೆ ಬರುವ ಸಂಗತಿಗಳು ನಮ್ಮ ಹಂಚಿನ ಕಾರ್ಖಾನೆಯಲ್ಲಿ ವಾರಕ್ಕೆ ಎರಡಾದರೂ ಆಗುತ್ತವೆ. ಕರೆಂಟಿನ ಮೋಟಾರು ಬಂದ ವರ್ಷ ದಿನಕ್ಕೆ ಎರಡು ಆದವು.

ಐದನೇ ಕ್ಲಾಸಿನಲ್ಲಿ ಮಾಸ್ತರರಿಗೂ ನನಗೂ ಸರಿಬೀಳದೆ ನಾನು ಮಾವನ ಹಿಂದೆ ಇಲ್ಲಿಗೆ ಬಂದವ. ಮಾವ ಅಂದರೆ ಅಮ್ಮನ ಅಣ್ಣ. ನೇತ್ರಾವತಿ ದಡದ ಈ ಕಾರ್ಖಾನೆಯ ಬಾಯ್ಲರಿಗೆ ಮೂವತ್ತು ವರ್ಷ ಕಟ್ಟಿಗೆ ಹಾಕಿ, ಉಗಿ ಎಬ್ಬಿಸಿ, ಮಣ್ಣು ಅರೆಯುವ ಯಂತ್ರ ತಿರುಗಿಸಿದವರು. ಅವರಿಗೆ ಬರುವುದು ಅದೊಂದೇ ಕೆಲಸ. ಮೋಟಾರು ಬಂದ ಮೇಲೆ ಅವರು ಎಂತ ಮಾಡುವುದು ಅಂತ ಯಾರೂ ಕೇಳಲಿಲ್ಲ.

೧. ಪೂಜೆ

ಮೋಟಾರಿಗೆ ಪೂಜೆ ಮಾಡಲಿಕ್ಕೆ ಧಣಿ ಭಟ್ಟರನ್ನು ಕರೆಸಿದರು. ನಾನು ಬಾಗಿಲಲ್ಲೇ ಅವರ ಕಿವಿಗೆ ಹಾಕಿದೆ: "ಭಟ್ರೇ, ಮೊನ್ನೆ ಒಂದು ಬೆಕ್ಕು ಇದನ್ನು ಮೂಸಿ ನೋಡಿತು. ಈಗ ಬೆಕ್ಕು ಇಲ್ಲ."

ಬೆಕ್ಕು ಇತ್ತು, ನಮ್ಮ ಮನೆಯಲ್ಲಿ ಮಲಗಿತ್ತು. ಭಟ್ಟರು ಮಾತ್ರ ಮೋಟಾರಿನ ಕೋಣೆಯ ಹೊಸ್ತಿಲು ದಾಟಲಿಲ್ಲ. ಅಲ್ಲಿಂದಲೇ ಮಂತ್ರ ಹೇಳಿ, ಮಾವಿನಕಾಯಿಗೆ ಕಲ್ಲು ಬಿಸಾಡಿದ ಹಾಗೆ ಹೂವು ಬಿಸಾಡಿದರು. ಒಂದೂ ತಾಗಲಿಲ್ಲ. "ಕುಂಕುಮ ಹಚ್ಚಿ" ಅಂತ ಧಣಿ ಅಂದದ್ದೇ ತಡ, ಭಟ್ಟರು ಸೀದಾ ಹೊರಗಿದ್ದ ಬಾಯ್ಲರಿನ ಹತ್ತಿರ ಹೋಗಿ ಅದಕ್ಕೆ ಹಚ್ಚಿದರು.

"ಹೊಸದಕ್ಕೆ, ಭಟ್ರೇ," ಅಂದರು ಧಣಿ.

"ಮನೆಯಲ್ಲಿ ಹಿರಿಯರು ಇರುವಾಗ ಮೊದಲು ಅವರಿಗೇ ಅಲ್ಲವಾ ಧಣಿ."

ಭಟ್ಟರಿಗೆ ಜೀವಭಯ. ಮಾವ ಮಾತ್ರ ಅದನ್ನು ನಿಜವೆಂದು ನಂಬಿ ಕೈಮುಗಿದರು.

೨. ಕೂಗು

ಮೋಟಾರಿಗೆ ಮಣ್ಣು ಅರೆಯಲಿಕ್ಕೆ ಬರುತ್ತದೆ, ಕೂಗಲಿಕ್ಕೆ ಬರುವುದಿಲ್ಲ. ದಿನಕ್ಕೆ ಮೂರು ಸಲ ಬಾಯ್ಲರಿನ ಉಗಿಯಲ್ಲಿ ಸೀಟಿ ಕೂಗಿಸಿದರೇ ಕೆಲಸದವರು ಬರುವುದು, ಉಣ್ಣುವುದು, ಹೋಗುವುದು. ಗಡಿಯಾರ ಇದ್ದದ್ದು ಧಣಿಯ ಹತ್ತಿರ ಮಾತ್ರ. ಹಾಗಾಗಿ ಬಾಯ್ಲರನ್ನು ಕೂಗಲಿಕ್ಕೆಂದು ಇಟ್ಟುಕೊಂಡರು. ಮಾವ ಮೂರು ಕೂಗಿಗೋಸ್ಕರ ಇಡೀ ದಿನ ಕಟ್ಟಿಗೆ ಹಾಕಿದರು. ಕೂಗು ದೂರದ ಕುಲಶೇಖರದ ತನಕ ಕೇಳುತ್ತದೆ ಅಂತ ಅವರ ಹೆಮ್ಮೆ.

ಒಂದು ದಿನ ಧಣಿ ಕಟ್ಟಿಗೆಯ ರಾಶಿ ನೋಡಿದರು. "ಇಷ್ಟು ತಿಂದು ಇದು ಕೂಗುವುದು ಮಾತ್ರವಾ?"

"ನನ್ನ ಅತ್ತೆಯೂ ಹಾಗೆಯೇ ಧಣಿ," ಅಂದೆ ನಾನು. "ಹೊರಗೆ ಹಾಕಲಿಕ್ಕೆ ಆಗುತ್ತದಾ?"

"ಅತ್ತೆಯನ್ನು ಗುಜರಿಯವ ಕೊಳ್ಳುವುದಿಲ್ಲ ಮಾರಾಯ," ಅಂದರು ಧಣಿ, ನಗದೆ.

೩. ಫ್ಯೂಸು

ಗುಜರಿಯ ಮಾತು ಬಂದ ಮೇಲೆ ಮಾವ ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಉಣ್ಣದೆ ಕೂರುತ್ತಿದ್ದರು. ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಮೋಟಾರಿನ ಮೇಸ್ತ್ರಿ ಚಾ ಕುಡಿಯಲಿಕ್ಕೆ ಹೋದಾಗ ಫ್ಯೂಸು ಕಿತ್ತು ಹಸಿ ಮಣ್ಣಿನ ಮುದ್ದೆಯೊಳಗೆ ಅಡಗಿಸಿಬಿಟ್ಟೆ. ಮೋಟಾರು ನಿಂತಿತು.

ಧಣಿ ಓಡಿಬಂದರು. "ಉಗಿ ಎಬ್ಬಿಸು, ಹಳೆ ಯಂತ್ರವೇ ತಿರುಗಲಿ."

ಮಾವ ಮದುಮಗನ ಹಾಗೆ ಎದ್ದರು. ಆದರೆ ಕೂಗುವಷ್ಟು ಉಗಿ ಬೇರೆ, ಯಂತ್ರ ತಿರುಗಿಸುವಷ್ಟು ಉಗಿ ಬೇರೆ. ಮಧ್ಯಾಹ್ನದ ತನಕ ಕಟ್ಟಿಗೆ ಹಾಕಿ, ಬೆವರು ಒರೆಸಿ, "ಆಯಿತು ಧಣಿ" ಅನ್ನುವಾಗ ಮೇಸ್ತ್ರಿ ಪೇಟೆಯಿಂದ ಹೊಸ ಫ್ಯೂಸು ತಂದು ಸಿಕ್ಕಿಸಿದ. ಮೋಟಾರು ತಿರುಗಿತು.

"ಅವನಿಗೆ ಒಂದು ನಿಮಿಷ, ನಿನಗೆ ಅರ್ಧ ದಿನ," ಅಂದರು ಧಣಿ. ಬಾಯ್ಲರು ಗುಜರಿಗೆ ಅಂತ ಅಲ್ಲೇ ತೀರ್ಮಾನ ಆಯಿತು. ಫ್ಯೂಸು ಕಿತ್ತದ್ದು ಯಾರು ಅಂತ ಮಾವನಿಗೆ ನಾನು ಇವತ್ತಿಗೂ ಹೇಳಿಲ್ಲ.

ಆ ಮುದ್ದೆ ಹಂಚಾಗಿ, ಬೆಂದು, ಈಗ ಕಾವೂರಿನ ಕಡೆ ಯಾರದೋ ಮಾಡಿನ ಮೇಲೆ ಇರಬೇಕು. ಅವರ ಮನೆಗೆ ಕರೆಂಟು ಇನ್ನೂ ಬಂದಿಲ್ಲ, ಫ್ಯೂಸು ಬಂದಿದೆ.

೪. ಬಿಚ್ಚುವುದು

ಕೂಗಿನ ಬದಲು ಕಬ್ಬಿಣದ ತುಂಡೊಂದನ್ನು ನೇತುಹಾಕಿ ಬಡಿಯುವುದು ಅಂತ ಆಯಿತು. ಬಾಯ್ಲರಿನ ಯಾವ ಬೋಲ್ಟು ಎಲ್ಲಿ ಉಂಟು ಅಂತ ಗೊತ್ತಿದ್ದದ್ದು ಮಾವನಿಗೆ ಮಾತ್ರ. "ನೀನೇ ಬಿಚ್ಚು. ಬಿಚ್ಚಿ ಆಗುವ ತನಕ ನಿನಗೆ ಕೆಲಸ ಉಂಟು," ಅಂದರು ಧಣಿ.

ಮಾವ ಬಿಚ್ಚಿದರು. ಒಂದು ವಾರ, ಎರಡು ವಾರ, ಒಂದು ತಿಂಗಳು. ಗುಜರಿಯವ ಬಂದಾಗಲೆಲ್ಲ ಖಾಲಿ ಗಾಡಿ ಹೊಡೆದುಕೊಂಡು ಹೋದ. "ಎಂತ ಮಾರಾಯ್ರೇ, ನೀವು ಇದನ್ನು ಬಿಚ್ಚುವುದಾ, ಸಾಕುವುದಾ?"

"ಮೂವತ್ತು ವರ್ಷದ ತುಕ್ಕು," ಅಂದರು ಮಾವ. ಮಾವನ ಕೈಯಲ್ಲಿದ್ದ ಬಾಯ್ಲರಿಗೆ ತುಕ್ಕು ಎಲ್ಲಿಂದ ಬರಬೇಕು.

ಒಂದು ಸಂಜೆ ಎಲ್ಲರೂ ಹೋದ ಮೇಲೆ ಧಣಿ ಮರೆತ ಕೊಡೆಗೆಂದು ವಾಪಸು ಬಂದರು. ಮಾವ ಬಾಯ್ಲರಿನ ಮೇಲೆ ಕೂತು, ಬೆಳಿಗ್ಗೆ ಬಿಚ್ಚಿದ ಬೋಲ್ಟುಗಳನ್ನು ಒಂದೊಂದಾಗಿ ಎಣ್ಣೆ ಹಚ್ಚಿ ಮತ್ತೆ ಬಿಗಿಯುತ್ತಿದ್ದರು. ಕೆಳಗಿನಿಂದ ಎತ್ತಿಕೊಡುತ್ತಿದ್ದವ ನಾನು.

"ಇದೆಂತ ನೀನು ಮಾಡುವುದು?" ಧಣಿ ಕೇಳಿದರು.

ಮಾವ ಸ್ಪಾನರ್ ಕೆಳಗಿಡಲಿಲ್ಲ. "ಇವತ್ತು ಸ್ವಲ್ಪ ಹೆಚ್ಚು ಬಿಚ್ಚಿ ಹೋಯಿತು ಧಣಿ."

ಧಣಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣೀರು ಒರೆಸಿಕೊಂಡು ನಕ್ಕರು. ನಗುತ್ತಲೇ, ನಾಳೆಯಿಂದ ಬರುವುದು ಬೇಡ ಅಂದರು. ಆ ಮನುಷ್ಯನನ್ನು ನಗಿಸಲಿಕ್ಕೆ ನಾನು ಎಷ್ಟೋ ಮಂಗಾಟ ಮಾಡಿ ಸೋತಿದ್ದೆ. ನಗಿಸಿದ್ದು ಮಾವ ಒಬ್ಬರೇ.