ಓದಿ ವಾಪಸ್ ಕೊಡುವ ಲಗ್ನಪತ್ರಿಕೆ

ನಮ್ಮ ಮಾವನವರು ಈಗ ಯಾವ ಪುಸ್ತಕ ಓದುತ್ತಿದ್ದಾರೆಂದು ತಿಳಿಯಲು ಪುಸ್ತಕ ನೋಡಬೇಕಾಗಿಲ್ಲ. ಬಚ್ಚಲುಮನೆಗೆ ಹೋಗಿ ಬಂದರೆ ಸಾಕು! ಬಕೆಟ್ಟಿನಲ್ಲಿ ಅರ್ಧವೇ ನೀರಿದ್ದರೆ ನದಿಗಳ ಪುಸ್ತಕ. ಸೋಪು ಮಾಯವಾಗಿ ಆ ಜಾಗದಲ್ಲಿ ಕಡಲೆಹಿಟ್ಟಿನ ಡಬ್ಬ ಕೂತಿದ್ದರೆ ಸಮುದ್ರದ್ದು. ಮೂಲೆಯಲ್ಲಿ ಜೇಡವೊಂದು ಯಾರ ಹಂಗೂ ಇಲ್ಲದೆ ಬಲೆ ಕಟ್ಟಿಕೊಂಡು ಆರಾಮಾಗಿದ್ದರೆ, ಅಯ್ಯೋ ಶಿವನೇ, ತತ್ವಶಾಸ್ತ್ರ ಶುರುವಾಗಿದೆ ಎಂದೇ ಅರ್ಥ.

ಮಾವನವರೆಂದರೆ ನನ್ನ ಗಂಡನ ತಂದೆ. ಹಣೆಗೆ ವಿಭೂತಿ, ಕಿವಿಯ ಸಂದಿಗೆ ಪೆನ್ಸಿಲ್ಲು. ಚಿಕ್ಕಪೇಟೆಯ ಗಲ್ಲಿಯೊಂದರಲ್ಲಿ ಬದುಕಿಡೀ ಲಗ್ನಪತ್ರಿಕೆ ಮಾರಿದವರು. ಮಂಡಿನೋವು ಬಂದು ಅಂಗಡಿ ಬಿಟ್ಟು ಚಾಮರಾಜಪೇಟೆಯ ಮನೆಯಲ್ಲಿ ಕೂತ ಮೇಲೆ ಅವರಿಗೆ ಓದಿನ ಹುಚ್ಚು ಹತ್ತಿತು. ಅದು ಹತ್ತಿದ್ದೂ ವಿಚಿತ್ರವಾಗಿಯೇ. ಹಳೇ ಪುಸ್ತಕದ ಅಂಗಡಿಯಲ್ಲಿ ಪರಿಸರ ಚಿಂತನೆಯ ಚರಿತ್ರೆ ಹೇಳುವ ದಪ್ಪ ಪುಸ್ತಕವೊಂದರ ಹಾಳೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ, ಪೇಪರ್ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಕೊಂಡು ತಂದರು! ವಾರದ ನಂತರ ಅವರ ವಿಮರ್ಶೆ ಹೊರಬಿತ್ತು: "ಪೇಪರ್ ಬಹಳ ಚೆನ್ನಾಗಿದೆ ಕಣಮ್ಮ. ಬರೆದಿರೋನೂ ಪರವಾಗಿಲ್ಲ."

ಅಲ್ಲಿಂದ ನಮ್ಮ ತಿಂಡಿಯ ಹೊತ್ತು ಹಾಳಾಯಿತು.

"ಅಮ್ಮಾ, ಕಾಡು ಇರೋದು ನಮಗೋಸ್ಕರಾನೋ, ಕಾಡಿಗೋಸ್ಕರಾನೋ?"

"ಮಾವ, ಉಪ್ಪಿಟ್ಟು ಇರೋದು ನಿಮಗೋಸ್ಕರ. ಆರೋಗತ್ತೆ, ತಿನ್ನಿ."

ಒಂದು ಪುಸ್ತಕದಲ್ಲಿ ಪ್ರತಿ ಜೀವಿಗೂ, ಮನುಷ್ಯನಿಗೆ ಉಪಯೋಗ ಇರಲಿ ಬಿಡಲಿ, ಅದರದ್ದೇ ಬೆಲೆಯಿದೆ ಎಂದು ಬರೆದಿತ್ತಂತೆ. ಅಂದೇ ನಾನು ಜಿರಲೆಯೊಂದರ ಮೇಲೆ ಚಪ್ಪಲಿ ಎತ್ತಿದ್ದೆ. ಮಾವನವರು ಅಡ್ಡ ನಿಂತರು. "ಅದಕ್ಕೂ ಅದರದ್ದೇ ಬೆಲೆ ಇದೆ ಕಣಮ್ಮ!" ನಾನೆಂದೆ, "ಇರ್ಲಿ ಮಾವ, ಬೇಡ ಅಂದೋರ್ಯಾರು? ಆದ್ರೆ ನನ್ನ ಸಕ್ಕರೆ ಡಬ್ಬದಲ್ಲಿ ಬೇಡ." ನಾವಿಬ್ಬರೂ ಹೀಗೆ ತತ್ವಚರ್ಚೆ ಮಾಡುತ್ತಿದ್ದಾಗ ಜಿರಲೆ ತನ್ನ ಬೆಲೆಯ ಸಮೇತ ಸಿಂಕಿನಡಿ ಹೋಯಿತು.

ಮತ್ತೊಂದು ಪುಸ್ತಕ ರೈಲುಹಳಿಗೆ ಹಾಸುವ ದಿಮ್ಮಿಗಾಗಿ ಬ್ರಿಟಿಷರು ಕಾಡು ಕಡಿದ ಕಥೆ ಹೇಳಿತು. ಅದನ್ನು ಮುಗಿಸಿದ ದಿನ ಮಾವನವರು ನಮ್ಮ ತೇಗದ ಬಾಗಿಲನ್ನು ಸವರುತ್ತಾ ತುಂಬ ಹೊತ್ತು ನಿಂತಿದ್ದರು. ಆಮೇಲೆ ಯಾರೇ ಬಾಗಿಲು ದಬ್ಬೆಂದು ಹಾಕಿದರೂ "ಮೆತ್ತಗೆ, ಮೆತ್ತಗೆ" ಎಂಬ ಕೂಗು. ಗಂಡನ ಮೇಲೆ ಸಿಟ್ಟು ಬಂದಾಗ ಬಾಗಿಲು ಬಡಿಯುವ ಒಂದು ಸುಖವಿತ್ತು, ಅದೂ ಹೋಯಿತು ನೋಡಿ!

ಇಷ್ಟೇ ಆಗಿದ್ದರೆ ನಗುತ್ತಲೇ ಕಾಲ ತಳ್ಳಬಹುದಿತ್ತು. ಆದರೆ ಒಂದು ಬೆಳಿಗ್ಗೆ ಅವರು ಕಾಗದದ ಅಧ್ಯಾಯಕ್ಕೆ ಬಂದರು. ಬಿದಿರುಮೆಳೆಗಳು, ಕಾರ್ಖಾನೆ, ಕಪ್ಪಾದ ನದಿನೀರು. ಮಾವನವರು ತಿಂಡಿ ಮುಟ್ಟಲಿಲ್ಲ, ಪ್ರಶ್ನೆಯನ್ನೂ ಕೇಳಲಿಲ್ಲ. ನನಗೆ ಗಾಬರಿಯಾಯಿತು.

"ಅಷ್ಟು ಕಾಡು ಮಾರ್ಬಿಟ್ನಲ್ಲಮ್ಮ," ಎಂದರು ಕೊನೆಗೆ. "ಜನ ಲಗ್ನಪತ್ರಿಕೇನ ಒಂದ್ಸಲ ನೋಡಿ ಫ್ರಿಜ್ಜಿನ ಮೇಲೆ ಎಸೀತಾರೆ. ಅದಕ್ಕೋಸ್ಕರ."

ಆರಿದ ತಿಂಡಿಯನ್ನು ಮತ್ತೆ ಬಿಸಿಮಾಡಿ ತಂದಿಟ್ಟೆ. ಅದೇ ತಿಂಗಳು ನನ್ನ ಮಗಳ ಮದುವೆ ನಿಶ್ಚಯವಾಯಿತು.

ಪತ್ರಿಕೆ ಮಾರಿದವರ ಮನೆಯ ಮೊಮ್ಮಗಳ ಮದುವೆ! ಚಿನ್ನದ ಅಂಚೇನು, ರೇಷ್ಮೆದಾರವೇನು ಎಂದು ಬಳಗವೆಲ್ಲ ಕಾದು ಕೂತಿತ್ತು. ಮಾವನವರು ಊಟದ ಹೊತ್ತಿನಲ್ಲಿ ತೀರ್ಪು ಕೊಟ್ಟರು: "ಒಂದೇ ಪತ್ರಿಕೆ."

"ಒಂದೇ ನಮೂನೆ ಅಂತಾನಾ ಅಪ್ಪಾಜಿ?" ಎಂದರು ನಮ್ಮವರು.

"ಒಂದು. ಒಂದು ಅಂದ್ರೆ ಒಂದು. ಲೈಬ್ರರೀಲಿ ಒಂದೇ ಪುಸ್ತಕಾನ ಊರೆಲ್ಲ ಓದಿ ವಾಪಸ್ ಕೊಡಲ್ವಾ? ಹಾಗೇ."

ಮಗಳು ಬುದ್ಧಿವಂತಿಕೆ ಮಾಡಿದಳು. "ತಾತ, ವಾಟ್ಸಾಪಲ್ಲಿ ಕಳಿಸ್ಬಿಡೋಣ. ಕಾಗದಾನೇ ಬೇಡ."

"ವಾಟ್ಸಾಪಲ್ಲಿ ಕರೆದ್ರೆ ಜನ ವಾಟ್ಸಾಪಲ್ಲೇ ಬರ್ತಾರೆ ಮಗಳೇ."

ಮಾರನೆಯ ದಿನವೇ ಚಿಕ್ಕಪೇಟೆಗೆ ಹೋಗಿ ಒಂದೇ ಒಂದು ಪತ್ರಿಕೆ ಅಚ್ಚು ಹಾಕಿಸಿ ತಂದರು.

ಹೀಗೆ ದಿಗ್ವಿಜಯ ಹೊರಟಿತು. ಕುಂಕುಮ ಕೊಡಲು ಹೆಣ್ಣುಮಕ್ಕಳು ಬೇಕಲ್ಲ? ಅತ್ತೆಯವರು ಈಗಿಲ್ಲ, ಹಾಗಾಗಿ ಜೊತೆಗೆ ನಾನು. ಮೆಟ್ರೋದಲ್ಲಿ, ಬಸ್ಸಿನಲ್ಲಿ, ಆ ಮಂಡಿನೋವಿನಲ್ಲೇ ನಡೆದು. ಮನೆಯವರು ಪತ್ರಿಕೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಓದಿ, ಪಕ್ಕಕ್ಕಿಡಲು ಹೋಗುತ್ತಿದ್ದಂತೆ ಮಾವನವರ ಕೈ ಮುಂದೆ ಬರುತ್ತಿತ್ತು. "ಓದಿದ್ರಾ? ಕೊಡಿ ಇಲ್ಲಿ."

ಆ ಕ್ಷಣದಲ್ಲಿ ಆ ಮನೆಯವರ ಮುಖ ನೋಡಬೇಕಿತ್ತು ನೀವು! ಕೊಟ್ಟ ಲಗ್ನಪತ್ರಿಕೆಯನ್ನು ವಾಪಸ್ ಕೇಳುವುದು ಲೋಕದಲ್ಲಿ ಎಲ್ಲಾದರೂ ಉಂಟೇ? ನಾನು ನೆಲ ನೋಡುತ್ತಾ ಕುಂಕುಮದ ಬಟ್ಟಲು ಚಾಚುತ್ತಿದ್ದೆ. ಮಾವನವರಿಗೆ ಮಾತ್ರ ಯಾವ ಮುಜುಗರವೂ ಇರಲಿಲ್ಲ. ಕಿವಿಯಿಂದ ಪೆನ್ಸಿಲ್ ತೆಗೆದು ಅವರ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖಿಗೆ ಸುತ್ತುಹಾಕಿ, "ಮೊಮ್ಮಗಳ ಮದುವೆ, ಬರಲೇಬೇಕು" ಎಂದು ತಾವೇ ಬರೆಯುತ್ತಿದ್ದರು. ಆಮೇಲೆ ಕೂತು ಕಾಫಿ ಕುಡಿದು, ಅವರ ಮಕ್ಕಳು, ಮೊಮ್ಮಕ್ಕಳು, ಶುಗರ್ರು, ಬೀಪಿ ಎಲ್ಲ ವಿಚಾರಿಸಿ ಏಳುವಷ್ಟರಲ್ಲಿ ಗಂಟೆ ದಾಟಿರುತ್ತಿತ್ತು.

ಕುಮಾರ ಪಾರ್ಕಿನಲ್ಲಿ ದೊಡ್ಡ ಕಷ್ಟವೇ ಎದುರಾಯಿತು. ಮಾವನವರ ಅತ್ತಿಗೆ, ತುಂಬ ವಯಸ್ಸಾದವರು, ಪತ್ರಿಕೆಯನ್ನು ಸೀದಾ ದೇವರ ಮುಂದೆ ಇಟ್ಟುಬಿಟ್ಟರು.

"ಅತ್ತಿಗೆ, ಅದನ್ನ ಕೊಡ್ಬೇಕು."

"ಶಿವನ ಮುಂದೆ ಇಟ್ಟಿದೀನಪ್ಪ. ಹೇಗೆ ತೆಗೀಲಿ?"

"ಶಿವ ಓದಿ ಆಗ್ಲಿ, ಕಾಯ್ತೀನಿ."

ಸಂಜೆಯ ಪೂಜೆಯಾಗುವವರೆಗೆ ಕಾದರು! ಅಷ್ಟರಲ್ಲಿ ಆ ಅಜ್ಜಿ ನಮಗೆ ಅವಲಕ್ಕಿ ಮಾಡಿಕೊಟ್ಟು, ಮಾವನವರ ಮದುವೆಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಕೊನೆಗೆ ಶಿವನೇ ಸೋತು ಪತ್ರಿಕೆ ಬಿಟ್ಟುಕೊಟ್ಟ.

ದಾರಿಯಲ್ಲಿ ನಾನು ಸಿಟ್ಟು ತಡೆಯದೆ ಕೇಳಿದೆ, "ಮಾವ, ಇಷ್ಟೆಲ್ಲ ಯಾಕೆ?"

ಅವರು ಪತ್ರಿಕೆಯ ಕೊನೆಯ ಸಾಲಿರಬೇಕಾದ ಜಾಗ ತೋರಿಸಿದರು. ಅಲ್ಲಿ ಖಾಲಿಯಿತ್ತು. "ಇಲ್ಲಿ ಒಂದು ಸಾಲು ಹಾಕ್ತಿದ್ವಿ. 'ಇದನ್ನೇ ಖುದ್ದು ಕರೆಯೆಂದು ಭಾವಿಸಿ' ಅಂತ. ಅದನ್ನ ಅಚ್ಚು ಹಾಕಿ ಹಾಕಿ ಒಬ್ಬರ ಮನೆಗೊಬ್ಬರು ಹೋಗೋದನ್ನೇ ನಿಲ್ಲಿಸ್ಬಿಟ್ವಿ ಕಣಮ್ಮ. ಕಾಡೂ ಹೋಯ್ತು, ಹೋಗಿಬರೋದೂ ಹೋಯ್ತು."

ನನ್ನ ಸಿಟ್ಟು ಇಳಿಯಿತು. ಭಯ ಮಾತ್ರ ಇಳಿಯಲಿಲ್ಲ. ಬಳಗದಲ್ಲಿ ಗುಸುಗುಸು ಶುರುವಾಗಿತ್ತು. ಮಾವನವರ ತಂಗಿ ಅಕ್ಕಿಪೇಟೆಯಿಂದ ಫೋನ್ ಮಾಡಿ, "ಪತ್ರಿಕೆ ಕೊಟ್ಟು ಕಿತ್ಕೊಂಡು ಹೋದ್ರು ಅಂತಾರಲ್ಲೇ, ಜನ ಬೇಜಾರು ಮಾಡ್ಕೊಂಡವ್ರೆ," ಎಂದರು. ಅಡುಗೆಯವರು ಎಷ್ಟು ಎಲೆ ಹಾಕೋದು ಎಂದು ಕೇಳಿದಾಗಲೆಲ್ಲ ನಾಳೆ ಹೇಳ್ತೀನಿ ಎಂದು ಜಾರಿಕೊಳ್ಳುತ್ತಿದ್ದೆ. ಖಾಲಿ ಛತ್ರದಲ್ಲಿ ನನ್ನ ಮಗಳು ಹಸೆಮಣೆಯ ಮೇಲೆ ಒಬ್ಬಳೇ ಕೂತಂತೆ ಕಣ್ಣ ಮುಂದೆ ಬರುತ್ತಿತ್ತು. ಗಂಡಿನ ಕಡೆಯವರು ಏನೆಂದಾರು? ಇವರ ಓದಿಗೆ ನನ್ನ ಮಗಳ ಮದುವೆಯೇ ಸಿಕ್ಕಿತೇ ಎಂದು ಒಳಗೊಳಗೇ ಅತ್ತಿದ್ದೂ ಉಂಟು.

ಮದುವೆಯ ಬೆಳಿಗ್ಗೆ ಎಂಟು ಗಂಟೆ. ಚಾಮರಾಜಪೇಟೆಯ ಛತ್ರದಲ್ಲಿ ಓಲಗದವರು, ಅಡುಗೆಯವರು, ಗಂಡಿನವರು, ನಾವು. ಉಳಿದ ಕುರ್ಚಿಗಳೆಲ್ಲ ಖಾಲಿ. ನಾನು ಬಾಗಿಲಲ್ಲಿ ಪನ್ನೀರುದಾನಿ ಹಿಡಿದು ನಿಂತು ರಸ್ತೆ ನೋಡುತ್ತಿದ್ದೆ.

ಮೊದಲು ಒಂದು ಆಟೋ ಬಂತು. ಇಳಿದವರು ಕುಮಾರ ಪಾರ್ಕಿನ ಅಜ್ಜಿ. ಕೈಯಲ್ಲಿ ಮಡಿಸಿದ ಹಾಳೆ. ಕ್ಯಾಲೆಂಡರಿನಿಂದ ಆ ತಿಂಗಳನ್ನೇ ಹರಿದು ತಂದಿದ್ದರು! "ಪತ್ರಿಕೆ ವಾಪಸ್ ಇಸ್ಕೊಂಡ್ರಲ್ಲ, ಒಳಗೆ ಬಿಡಲ್ಲ ಅಂದ್ರೆ ಅಂತ ಇದನ್ನ ತಂದೆ ಕಣೇ." ಆಮೇಲೆ ಮಲ್ಲೇಶ್ವರದವರು, ಬಸವನಗುಡಿಯವರು, ಪೇಟೆಯ ಹಳೇ ಅಂಗಡಿಯವರು. ಎಷ್ಟೋ ವರ್ಷದಿಂದ ಯಾರ ಮದುವೆಗೂ ಬರದವರೂ ಬಂದರು. "ಮನೆಗೆ ಬಂದು ಒಂದು ಗಂಟೆ ಕೂತಿದ್ರು, ಬರದೆ ಇರೋಕಾಗತ್ತಾ?" ಅಂದರು. ಬಂದವರೆಲ್ಲ ಮೊದಲು ಕೇಳಿದ್ದು ಆ ಪತ್ರಿಕೆಯನ್ನೇ, "ನಿಜವಾಗ್ಲೂ ಒಂದೇನಾ? ತೋರ್ಸಿ!" ಕುರ್ಚಿ ಸಾಲದೆ ಪಕ್ಕದ ಛತ್ರದಿಂದ ತರಿಸಿದೆವು. ನನಗೆ ಎಂಥ ನಿರಾಳವಾಯಿತೆಂದರೆ ಬಂದವರ ಮೇಲೆಲ್ಲ ಪನ್ನೀರನ್ನು ಮಳೆಯಂತೆ ಸುರಿದುಬಿಟ್ಟೆ.

ಮಾವನವರು ನನ್ನ ಪಕ್ಕ ಬಂದು ನಿಂತು ಹೇಳಿದರು, "ಜೀವಮಾನದಲ್ಲಿ ಒಂದು ಪತ್ರಿಕೇನಾದ್ರೂ ಸರಿಯಾಗಿ ಹಂಚ್ದೆ ಕಣಮ್ಮ." ತಿಂಗಳುಗಳ ನಂತರ ಅವರ ಮುಖ ಹಗುರಾಗಿತ್ತು.

ಧಾರೆ ಮುಗಿಯಿತು. ಮೂರನೇ ಪಂಕ್ತಿಯೂ ಎದ್ದಿತು. ಹೆಣ್ಣಿನ ತಾಯಿಗೆ ಹಸಿವಿರುತ್ತದೆಂದು ಯಾರಿಗೆ ನೆನಪಾಗುತ್ತದೆ? ನಾನು ಊಟದ ಮನೆಯ ಕಂಬಕ್ಕೆ ಒರಗಿ ಕೂತಿದ್ದೆ. ಮಾವನವರು ಬಂದರು. ಒಂದು ಕೈಯಲ್ಲಿ ಕುಂಕುಮದ ಬಟ್ಟಲು, ಇನ್ನೊಂದರಲ್ಲಿ ಆ ಪತ್ರಿಕೆ.

"ಒಂದು ಮನೆ ಬಿಟ್ಟೋಗಿತ್ತು ಕಣಮ್ಮ," ಎಂದರು. "ಹೆಣ್ಣಿನ ತಾಯೀನ ಯಾರೂ ಕರೆಯೋದೇ ಇಲ್ಲ. ನಮ್ಮ ಮೊಮ್ಮಗಳ ಮದುವೆ. ನೀನು ಬಂದು, ಊಟ ಮಾಡ್ಕೊಂಡು ಹೋಗ್ಬೇಕು."

ಅಷ್ಟು ಮನೆ ಸುತ್ತಿದ್ದರೂ ನಾನು ಅದನ್ನು ಒಮ್ಮೆಯೂ ಓದಿರಲಿಲ್ಲ. ಈಗ ಓದಿದೆ. ಮೂಲೆಗಳು ಅರಿಶಿನದಲ್ಲಿ ಮುಳುಗಿದ್ದವು, ಮಡಿಕೆ ಸವೆದು ಬಟ್ಟೆಯಂತಾಗಿತ್ತು, ಎಲ್ಲೆಲ್ಲೂ ಯಾರ್ಯಾರದೋ ಬೆರಳಿನ ಗುರುತು. ನನ್ನ ಮಗಳ ಹೆಸರು ಕಣ್ಣೀರಲ್ಲಿ ಸರಿಯಾಗಿ ಕಾಣಲಿಲ್ಲ. ಓದಿ, ರೂಢಿಯಂತೆ ವಾಪಸ್ ಚಾಚಿದೆ.

ಮಾವನವರು ಕೈ ಹಿಂದಕ್ಕೆ ಕಟ್ಟಿಕೊಂಡರು.

"ಅದು ನಿನ್ನ ಹತ್ರಾನೇ ಇರ್ಲಿ. ಏಳು, ಎಲೆ ಹಾಕ್ಸಿದೀನಿ."